ಭಾವಿನಾ ಬೆನ್ ಆಡಿದ ಆಟ ಎಲ್ಲಿ ಹೋಯ್ತು?

ಭಾವಿನಾ ಪಟೇಲ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ ಹೇಳಿ. ಟೋಕಿಯೋ, ಬೆಳ್ಳಿ ಪದಕ, ಗಾಲಿಕುರ್ಚಿ, ಪೋಲಿಯೋ. ಇನ್ನೂ ಸ್ವಲ್ಪ ಗಮನ ಕೊಟ್ಟು ಓದಿದವರಾಗಿದ್ರೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಹಳ್ಳಿ, ಒಂದು ವರ್ಷದ ಮಗುವಾಗಿದ್ದಾಗಲೇ ಸೋತುಹೋದ ಕಾಲು, ಆಮೇಲೆ ರಾಜ್ಯ ಸರ್ಕಾರ ಘೋಷಿಸಿದ 3 ಕೋಟಿ ರೂಪಾಯಿ. ಸರಿ. ಈಗ ಇನ್ನೊಂದೆರಡು ಪ್ರಶ್ನೆ. ಸೆಮಿಫೈನಲ್‌ನಲ್ಲಿ ಅವರು ಸೋಲಿಸಿದ್ದು ಯಾರನ್ನ? ಎಷ್ಟು ಗೇಮಿಗೆ? ಸರ್ವ್ ಹೇಗೆ ಮಾಡ್ತಾರೆ? ಯಾವ ಪಂದ್ಯ ಸೋತಿದ್ರೆ ಬೆಳ್ಳಿಯ ಮಾತೇ ಇರ್ತಿರಲಿಲ್ಲ?

ಗೊತ್ತಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ. ನಮಗೆ ಓದೋಕೆ ಕೊಟ್ಟಿದ್ದೇ ಅಷ್ಟು.

2021ರ ಆಗಸ್ಟ್ 29, ಭಾನುವಾರ. ರಾಷ್ಟ್ರೀಯ ಕ್ರೀಡಾ ದಿನ ಬೇರೆ. ಅವತ್ತು ಬೆಳಿಗ್ಗೆ ಫೈನಲ್ ಮುಗಿದ ಮೇಲೆ ಬಂದ ವರದಿಗಳನ್ನ, ಮಾರನೇ ದಿನದ ಪತ್ರಿಕೆಗಳನ್ನ, ಟಿವಿಯವರ ವಿಶೇಷ ಕಾರ್ಯಕ್ರಮಗಳನ್ನ ನಾನು ಸಾಕಷ್ಟು ಓದಿದೆ, ನೋಡಿದೆ. ಟೇಬಲ್ ಟೆನಿಸ್ ಹುಚ್ಚು ನನಗೆ ಮೂವತ್ತು ವರ್ಷದ್ದು. ಆಡೋದು ಸುಮಾರು, ನೋಡೋದು ಜಾಸ್ತಿ. ಹಾಗಾಗಿ ಆಸೆಯಿಂದಲೇ ಕೂತೆ. ಸಿಕ್ಕಿದ್ದೆಲ್ಲಾ ಒಂದೇ ಅಚ್ಚಿನದ್ದು. ಮೊದಲ ಪ್ಯಾರಾ ಹಳ್ಳಿ, ಎರಡನೆಯದು ಪೋಲಿಯೋ, ಮೂರನೆಯದರಲ್ಲಿ ‘ವಿಧಿಗೆ ಸವಾಲು’, ನಾಲ್ಕನೆಯದರಲ್ಲಿ ‘ಛಲ’, ಕೊನೆಗೆ ಗಣ್ಯರ ಟ್ವೀಟು. ಆಟ? ಆವರಣದೊಳಗೆ ಮೂರು ಅಂಕಿ: 7-11, 5-11, 6-11. ಅಷ್ಟೇ.

ಕ್ರಿಕೆಟ್ ವರದಿ ಹೀಗೆ ಬರೆದ್ರೆ ಸಂಪಾದಕರು ಬಿಡ್ತಾರಾ? ಬೌಲರ್ ಒಬ್ಬ ಐದು ವಿಕೆಟ್ ತಗೊಂಡ ಅಂದ್ರೆ ಬಾಲು ಒಳಗೆ ಬಂತೋ ಹೊರಗೆ ಹೋಯ್ತೋ, ಪಿಚ್‌ನಲ್ಲಿ ತೇವ ಇತ್ತೋ ಇಲ್ವೋ, ಮೂರನೇ ಸ್ಲಿಪ್ ಯಾಕೆ ತೆಗೆದ್ರು, ಅಲ್ಲಿಂದ ಶುರುವಾಗುತ್ತೆ ನಮ್ಮ ಜಗಳ. ಹಳ್ಳಿಯ ಅರಳಿಕಟ್ಟೆಯಲ್ಲಿ ಕೂತವರಿಗೂ ರಿವರ್ಸ್ ಸ್ವಿಂಗ್ ಗೊತ್ತು. ಅದು ಆಕಾಶದಿಂದ ಬಂದ ಜ್ಞಾನ ಅಲ್ಲ, ಬರೆದವರು, ಕಾಮೆಂಟರಿ ಹೇಳಿದವರು ಐವತ್ತು ವರ್ಷ ಕೂತು ಕಲಿಸಿದ್ದು. ಪ್ಯಾರಾ ಟೇಬಲ್ ಟೆನಿಸ್ ವಿಷಯದಲ್ಲಿ ಆ ಪಾಠ ಶುರುವೇ ಆಗಿಲ್ಲ. ಹೊಸ ಆಟ, ಅದಕ್ಕೇ ಹೀಗೆ ಅನ್ನೋಣ ಅಂದ್ರೆ ಅದೂ ಸುಳ್ಳು. 1960ರಲ್ಲಿ ರೋಮ್‌ನಲ್ಲಿ ನಡೆದ ಮೊದಲ ಪ್ಯಾರಾಲಿಂಪಿಕ್ಸ್‌ನಲ್ಲೇ ಟೇಬಲ್ ಟೆನಿಸ್ ಇತ್ತು. ಒಲಿಂಪಿಕ್ಸ್‌ಗೆ ಅದು ಬಂದಿದ್ದು 1988ರಲ್ಲಿ, ಸೋಲ್‌ನಲ್ಲಿ. ಗಾಲಿಕುರ್ಚಿಯವರು ನಿಂತು ಆಡುವವರಿಗಿಂತ ಇಪ್ಪತ್ತೆಂಟು ವರ್ಷ ಸೀನಿಯರ್ರು!

ಸರಿ, ಆಟಕ್ಕೆ ಬರೋಣ. ಟೇಬಲ್ ಅದೇ. ಉದ್ದ 2.74 ಮೀಟರ್, ಅಗಲ 1.525 ಮೀಟರ್, ಎತ್ತರ 76 ಸೆಂಟಿಮೀಟರ್. ನೆಟ್ ಅದೇ, 40 ಮಿಲಿಮೀಟರಿನ ಚೆಂಡು ಅದೇ, ಹನ್ನೊಂದಕ್ಕೆ ಗೇಮು, ಐದರಲ್ಲಿ ಮೂರು ಗೆದ್ದವರದ್ದು ಪಂದ್ಯ. ನಿಂತು ಆಡುವವರದ್ದಕ್ಕೂ ಕೂತು ಆಡುವವರದ್ದಕ್ಕೂ ಇರುವ ಮುಖ್ಯ ವ್ಯತ್ಯಾಸ ಸರ್ವ್‌ನಲ್ಲಿ. ಕುರ್ಚಿಯಲ್ಲಿ ಕೂತ ಎದುರಾಳಿಗೆ ಸರ್ವ್ ಮಾಡಿದ ಚೆಂಡು ಅವರ ಕಡೆಯ ಹಿಂಬದಿ ಅಂಚನ್ನೇ ದಾಟಿ ಹೋಗಬೇಕು. ಪಕ್ಕದ ಅಂಚಿನಿಂದ ಜಾರಿಹೋದ್ರೆ, ಅಥವಾ ಪುಟಿದು ವಾಪಸ್ ನೆಟ್ ಕಡೆಗೇ ಉರುಳಿದ್ರೆ, ಅಥವಾ ಅಲ್ಲೇ ನಿಂತುಬಿಟ್ರೆ ಲೆಟ್. ಮತ್ತೆ ಸರ್ವ್ ಮಾಡಿ ಅಂತಾರೆ ಅಂಪೈರ್. ಕುರ್ಚಿಯಲ್ಲಿರುವವರು ಪಕ್ಕಕ್ಕೆ ಹಾರೋಕೆ ಆಗಲ್ಲ, ಮುಂದಕ್ಕೆ ಬಗ್ಗೋದಕ್ಕೂ ಮಿತಿ ಇದೆ, ಸರ್ವ್‌ನಲ್ಲೇ ಪಾಯಿಂಟ್ ಕದ್ದುಬಿಟ್ರೆ ಆಟ ಅನ್ನೋದೇ ಇರಲ್ಲ ಅನ್ನೋದು ಇದರ ಹಿಂದಿನ ತರ್ಕ.

ಆದರೆ ಈ ರಕ್ಷಣೆ ಸರ್ವ್‌ಗೆ ಮಾತ್ರ. ಮುಂದಿನ ಹೊಡೆತದಿಂದ ಎಲ್ಲಾ ಮುಕ್ತ. ನೆಟ್ ಪಕ್ಕದಲ್ಲಿ ತೊಟ್ಟಿಕ್ಕಿದ ಹಾಗೆ ಬಿಡಬಹುದು, ಕೋನ ಹಿಡಿದು ಪಕ್ಕಕ್ಕೆ ಕಳಿಸಬಹುದು, ತಲೆ ಮೇಲೆ ಹೋಗೋ ಹಾಗೆ ಎತ್ತಬಹುದು. ಹಾಗಾಗಿ ಇಲ್ಲಿ ಸರ್ವ್ ಮಾಡಿದವರಿಗಿಂತ ಅದನ್ನ ಎದುರಿಸಿದವರ ಕೈಲೇ ಮೊದಲ ಆಯುಧ ಸಿಗೋದು. ನಿಂತು ಆಡುವವರ ಆಟದಲ್ಲಿ ನಾವು ಕಲಿತ ಲೆಕ್ಕ ಇಲ್ಲಿ ತಲೆಕೆಳಗು. ವೇಗಕ್ಕಿಂತ ದೂರ ಮುಖ್ಯ, ಬಲಕ್ಕಿಂತ ಜಾಗ ಮುಖ್ಯ. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈ ಬೀಳದ ಹಾಗೆ ಕುರ್ಚಿಗೆ ಆಧಾರ. ಎಷ್ಟು ಬಗ್ಗಬಹುದು, ಬಗ್ಗಿದ ಮೇಲೆ ಎಷ್ಟು ಬೇಗ ನೆಟ್ಟಗಾಗಬಹುದು ಅನ್ನೋದರ ಮೇಲೇ ಇಬ್ಬರೂ ಒಬ್ಬರನ್ನೊಬ್ಬರು ಅಳೀತಾ ಇರ್ತಾರೆ. ಹೊರಗಿನಿಂದ ನೋಡಿದವರಿಗೆ ‘ಅಯ್ಯೋ, ಸುಮ್ನೆ ಟಕ್ ಟಕ್ ಅಂತ ಆಡ್ತಿದ್ದಾರೆ’ ಅನ್ಸುತ್ತೆ. ಒಳಗೆ ನಡೀತಿರೋದು ಚದುರಂಗ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಮ್ಮ ಕ್ಲಬ್ಬಿಗೆ ಸಂಜೆ ಬರೋ ಬ್ಯಾಂಕ್ ನೌಕರರೊಬ್ಬರು ವ್ಹೀಲ್‌ಚೇರ್‌ನಲ್ಲಿ ಆಡ್ತಾರೆ. ಒಂದಿನ ನಾನೂ ಅವರೆದುರು ಕುರ್ಚಿ ಹಾಕ್ಕೊಂಡು ಕೂತು ಆಡಿದೆ. ಎದ್ದೇಳೋ ಹಾಗಿಲ್ಲ, ಕಾಲು ನೆಲಕ್ಕೆ ತಾಗಿಸೋ ಹಾಗಿಲ್ಲ ಅಂತ ಕರಾರು. ಮೂರು ಪಾಯಿಂಟ್ ತಗೊಂಡೆ, ಅದರಲ್ಲಿ ಎರಡು ಚೆಂಡು ನೆಟ್ಟಿಗೆ ತಾಗಿ ಆ ಕಡೆ ಬಿದ್ದಿದ್ದು. ಅವರು ಬೆವರೂ ಸುರಿಸಲಿಲ್ಲ. ಈ ಮನುಷ್ಯರಿಗೆ ಊರಿನ ಸಂಸ್ಥೆಯೊಂದು ಒಮ್ಮೆ ಸನ್ಮಾನ ಮಾಡ್ತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲಾ ಇತ್ತು. ವೇದಿಕೆಗೆ ಮಾತ್ರ ಐದು ಮೆಟ್ಟಿಲು. ನಾಲ್ಕು ಜನ ಕುರ್ಚಿ ಎತ್ಕೊಂಡು ಹೋಗಿ ಕೂರಿಸಿದ್ರು, ಫೋಟೋದವರು ಅದನ್ನೂ ಬಿಡದೆ ಹೊಡ್ಕೊಂಡ್ರು. ಭಾಷಣ ಮಾಡಿದವರು ಇಪ್ಪತ್ತು ನಿಮಿಷ ಆತ್ಮಸ್ಥೈರ್ಯದ ಮೇಲೆ ಮಾತಾಡಿದ್ರು. ವಾಪಸ್ ಬರುವಾಗ ಆಟೋದಲ್ಲಿ ಅವರು ಕೇಳಿದ್ದು ಇಷ್ಟೇ: “ಸಾರ್, ನಾನು ಯಾರನ್ನ ಸೋಲಿಸಿ ಬಂದೆ ಅಂತ ಒಬ್ಬರಾದ್ರೂ ಕೇಳಿದ್ರಾ?”

ಟೋಕಿಯೋ ಕಥೆಯಲ್ಲೂ ಕೇಳಬೇಕಾಗಿದ್ದು ಇದೇ ಪ್ರಶ್ನೆ. ಅಂಕಿಗಳನ್ನ ಒಂದು ಹಾಳೆ ಮೇಲೆ ಬರೆದಿಟ್ಟು ನೋಡಿ, ಕಣ್ಣಿಗೆ ಹೊಡೆಯೋ ಕಥೆ ಬೇರೆಯದೇ ಇದೆ.

ಮೊದಲ ಪಂದ್ಯ ಚೀನಾದ ಝೌ ಯಿಂಗ್ ಜೊತೆ. ಬೀಜಿಂಗ್ ಮತ್ತು ಲಂಡನ್‌ನಲ್ಲಿ ಚಿನ್ನ ಗೆದ್ದ ಆಟಗಾರ್ತಿ. 3-11, 9-11, 2-11. ಹೀನಾಯ ಅನ್ನಬಹುದಾದ ಸೋಲು, ಆ ನಡುವಿನ ಗೇಮ್ ಒಂದನ್ನ ಬಿಟ್ರೆ. ಮೂವರ ಗುಂಪು, ಇಬ್ಬರಿಗೆ ಮಾತ್ರ ಮುಂದಿನ ಹಂತ. ಅಂದ್ರೆ ಮಾರನೇ ದಿನ ಬ್ರಿಟನ್ನಿನ ಮೇಗನ್ ಶ್ಯಾಕಲ್ಟನ್ ಎದುರು ಸೋತಿದ್ರೆ ಗಂಟುಮೂಟೆ ಕಟ್ಟಬೇಕಿತ್ತು. ಆ ಪಂದ್ಯದ ಅಂಕಿ ನೋಡಿ: 11-7, 9-11, 17-15, 13-11. ಆ ಮೂರನೇ ಗೇಮಿನಲ್ಲಿ ಮೂವತ್ತೆರಡು ಪಾಯಿಂಟ್! ಹತ್ತು-ಹತ್ತು ಆದ ಮೇಲೆ ಪ್ರತಿ ಪಾಯಿಂಟಿಗೂ ಸರ್ವ್ ಬದಲಾಗುತ್ತೆ, ಎರಡು ಪಾಯಿಂಟ್ ಅಂತರ ಸಿಗೋ ತನಕ ಉಸಿರು ಬಿಡೋ ಹಾಗಿಲ್ಲ. ಆ ಗೇಮ್ ಆಚೆ ಕಡೆ ವಾಲಿದ್ರೆ ಭಾವಿನಾ ಒಂದಕ್ಕೆ ಎರಡರಂತೆ ಹಿಂದೆ ಬೀಳ್ತಿದ್ರು. ಅಲ್ಲಿ ಗೆದ್ದು, ನಾಲ್ಕನೆಯದನ್ನೂ ಅದೇ ಥರ ಹಗ್ಗಜಗ್ಗಾಟದಲ್ಲಿ ಗೆದ್ದರು. ನನ್ನ ಮಟ್ಟಿಗೆ ಟೋಕಿಯೋದ ಬೆಳ್ಳಿ ಹುಟ್ಟಿದ್ದು ಇಲ್ಲಿ, ಆಗಸ್ಟ್ 26ರಂದು, ಯಾರೂ ಕ್ಯಾಮೆರಾ ಹಿಡ್ಕೊಂಡು ಅವರ ಮನೆ ಮುಂದೆ ನಿಂತಿರದ ದಿನ.

ಮುಂದಿನ ದಿನ ಎರಡು ಪಂದ್ಯ. ಬ್ರೆಜಿಲ್‌ನ ಜಾಯ್ಸ್ ಡಿ ಒಲಿವೇರಾ ಮೇಲೆ 12-10, 13-11, 11-6. ನೇರ ಗೇಮುಗಳ ಗೆಲುವು ಅಂತ ಬರೆದು ಮುಗಿಸಿದ್ರು. ಆದರೆ ಮೊದಲೆರಡು ಗೇಮ್ ಹತ್ತು-ಹತ್ತು ದಾಟಿದ್ವು ಅನ್ನೋದು ನೋಡಿ. ಟೋಕಿಯೋದಲ್ಲಿ ಭಾವಿನಾ ಆಡಿದ ಗೇಮುಗಳಲ್ಲಿ ಹೀಗೆ ಡ್ಯೂಸ್‌ಗೆ ಹೋಗಿದ್ದು ನಾಲ್ಕು. ನಾಲ್ಕನ್ನೂ ಗೆದ್ದಿದ್ದಾರೆ. ಎದುರಾಳಿ ಒಂದು ಪಾಯಿಂಟ್ ದೂರದಲ್ಲಿರುವಾಗ ಕೈ ನಡುಗದೇ ಇರೋದು ಒಂದು ಕಸುಬು. ಅದರ ಹೆಸರು ‘ಛಲ’ ಅಲ್ಲ. ಛಲ ಸೋತವರಿಗೂ ಇರುತ್ತೆ.

ಆಮೇಲೆ ಕ್ವಾರ್ಟರ್‌ಫೈನಲ್. ಎದುರಿಗೆ ಸರ್ಬಿಯಾದ ಬೊರಿಸ್ಲಾವಾ ಪೆರಿಚ್ ರಾಂಕೊವಿಚ್, ರಿಯೋದಲ್ಲಿ ಚಿನ್ನ ಗೆದ್ದವರು, ಆಗ ವಿಶ್ವದ ಎರಡನೇ ರ‍್ಯಾಂಕು. ಭಾವಿನಾ ಹನ್ನೆರಡನೇ ರ‍್ಯಾಂಕು. 11-5, 11-6, 11-7. ಹದಿನೆಂಟು ನಿಮಿಷ. ಟೋಕಿಯೋದಲ್ಲಿ ಕಂಚಿಗೆ ಬೇರೆ ಪಂದ್ಯ ಇರಲಿಲ್ಲ, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಹಾಗಾಗಿ ಅವತ್ತೇ ಪದಕ ಖಚಿತ ಆಯ್ತು, ಅವತ್ತಿಂದಲೇ ನಮ್ಮವರ ಗಾಡಿ ಹಳ್ಳಿ ಕಡೆ ತಿರುಗಿತು. ಆಟದ ಕಡೆಯಿಂದ ತಿರುಗಿದ್ದೂ ಅವತ್ತೇ.

ಯಾಕಂದ್ರೆ ನೋಡಬೇಕಾದ ಪಂದ್ಯ ಮಾರನೇ ದಿನ ಇತ್ತು. ಚೀನಾದ ಝಾಂಗ್ ಮಿಯಾವೋ, ವಿಶ್ವದ ಮೂರನೇ ರ‍್ಯಾಂಕು. ಅದಕ್ಕೆ ಮುಂಚೆ ಇಬ್ಬರೂ ಹನ್ನೊಂದು ಸಲ ಮುಖಾಮುಖಿ ಆಗಿದ್ರು, ಭಾವಿನಾ ಒಂದು ಸಲವೂ ಗೆದ್ದಿರಲಿಲ್ಲ. 7-11, 11-7, 11-4, 9-11, 11-8. ಮೂವತ್ನಾಲ್ಕು ನಿಮಿಷ. ಮೊದಲ ಗೇಮಿನ ಅಂಕಿ ಎರಡನೆಯದರಲ್ಲಿ ತಿರುಗುಮುರುಗಾಗಿದೆ, ಮೂರನೆಯದರಲ್ಲಿ ಝಾಂಗ್‌ಗೆ ಸಿಕ್ಕಿದ್ದು ಬರೀ ನಾಲ್ಕು. ಕೊನೆಯ ಗೇಮಿನಲ್ಲಿ ಭಾವಿನಾ ಐದು-ಸೊನ್ನೆ ಮುಂದಿದ್ರು. ಅಲ್ಲಿಂದಾಚೆ ಝಾಂಗ್ ಎಂಟು ತಗೊಂಡ್ರೆ ಇವರು ಆರು. ಅಂದ್ರೆ ಆ ಮುನ್ನಡೆ ಕೈಯಿಂದ ಜಾರ್ತಾ ಇತ್ತು, ಜಾರುವಾಗಲೇ ಗೆರೆ ದಾಟಿದ್ರು. ಇದಕ್ಕಿಂತ ಒಳ್ಳೆ ನಾಟಕ ಯಾವ ಲೇಖಕ ಬರೀತಾನೆ ಹೇಳಿ? ಒಟ್ಟು ಪಾಯಿಂಟ್ ಕೂಡಿಸಿದ್ರೆ 49-41. ಹನ್ನೊಂದು ಸಲ ಸೋಲಿಸಿದವರ ಮೇಲೆ, ಹನ್ನೆರಡನೇ ಸಲ, ಪ್ಯಾರಾಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ. ಮೊದಲ ಗೇಮ್ ಸೋತ ಮೇಲೆ ಕೋಚ್ ಜೊತೆ ಏನು ಮಾತಾಯ್ತು, ಚೆಂಡನ್ನ ಎಲ್ಲಿಗೆ ಬದಲಾಯಿಸಿದ್ರು, ಝಾಂಗ್‌ಗೆ ಯಾವುದು ಸಿಗಲಿಲ್ಲ, ಇದನ್ನ ಕೇಳೋಕೆ ಮೈಕು ಬೇಕಿತ್ತು, ಮೈಕುಗಳೆಲ್ಲಾ ಆಗಲೇ ಗುಜರಾತಿಗೆ ಹೊರಟಿದ್ವು.

ಹೌದು, ಜೀವನದ ಕಥೆ ಬೇಡ ಅಂತ ನಾನು ಹೇಳ್ತಿಲ್ಲ. ಅಹಮದಾಬಾದಿನ ಬ್ಲೈಂಡ್ ಪೀಪಲ್ಸ್ ಅಸೋಸಿಯೇಶನ್‌ಗೆ ಕಂಪ್ಯೂಟರ್ ಕಲಿಯೋಕೆ ಹೋದ ಹುಡುಗಿ ಅಲ್ಲಿ ಟೇಬಲ್ ಕಂಡು ಬ್ಯಾಟು ಹಿಡಿದಿದ್ದು ಹೇಳಬೇಕಾದ ಕಥೆಯೇ. ಲಾಲನ್ ದೋಶಿ ಅವರಂಥ ಕೋಚ್ ಸಿಕ್ಕಿದ್ದು, ಸರ್ಕಾರದ ಯೋಜನೆಯಲ್ಲಿ ಚೆಂಡೆಸೆಯುವ ರೋಬೋ ಯಂತ್ರ ಸಿಕ್ಕಿದ್ದು, ಇದೆಲ್ಲಾ ಆಟಕ್ಕೆ ಸೇರಿದ್ದು. ನನ್ನ ತಕರಾರು ಬೇರೆ. ಕಾಯಿಲೆಯ ಕಥೆ ಇಟ್ಕೊಂಡು ಆಟದ ಕಥೆಯನ್ನ ಹೊರಗೆ ತಳ್ಳಿದಾಗ ಆಗೋದೇನು ಗೊತ್ತಾ? ಆಟಗಾರ್ತಿ ಆಡಿದ್ದಕ್ಕೆ ಬೆಲೆ ಇಲ್ಲ, ಬಂದಿದ್ದಕ್ಕೆ ಬೆಲೆ. ಅಲ್ಲಿ ತನಕ ಬಂದ್ಲಲ್ಲ, ಸಾಕು ಬಿಡಿ ಅನ್ನೋ ಧಾಟಿ. ಫೈನಲ್ ಮುಗಿದ ಮೇಲೆ ಭಾವಿನಾ ತಾವೇ ಹೇಳಿದ್ದು ಇದಕ್ಕೆ ತದ್ವಿರುದ್ಧ. ಖುಷಿ ಇದೆ, ಆದರೆ ಸ್ವಲ್ಪ ಅಳುಕಿತ್ತು, ಅಂದುಕೊಂಡ ಹಾಗೆ ಆಡೋಕೆ ಆಗಲಿಲ್ಲ, ಪೂರ್ತಿ ಸಮಾಧಾನ ಇಲ್ಲ ಅನ್ನೋ ಅರ್ಥದ ಮಾತು. ಹತ್ತೊಂಬತ್ತು ನಿಮಿಷದ ಆ ಫೈನಲ್ ಬಗ್ಗೆ ಅವತ್ತು ಬಂದ ಒಂದೇ ಒಂದು ನಿಜವಾದ ವಿಮರ್ಶೆ ಸೋತವರ ಬಾಯಿಂದಲೇ ಬಂದಿತ್ತು. ಉಳಿದವರೆಲ್ಲಾ ಚಪ್ಪಾಳೆ ತಟ್ಟೋದ್ರಲ್ಲಿ ಬ್ಯುಸಿ.

ಇದಕ್ಕೆ ಪಕ್ಕಾ ಉದಾಹರಣೆ ಈಜಿಪ್ಟಿನ ಇಬ್ರಾಹಿಂ ಹಮಟೊ. ನಿಮ್ಮ ವಾಟ್ಸಾಪಿಗೆ ಖಂಡಿತ ಬಂದಿರುತ್ತೆ ಆ ವಿಡಿಯೋ. ಹತ್ತನೇ ವಯಸ್ಸಿನಲ್ಲಿ ರೈಲು ಅಪಘಾತದಲ್ಲಿ ಎರಡೂ ಕೈ ಕಳ್ಕೊಂಡವರು. ಬ್ಯಾಟನ್ನ ಬಾಯಲ್ಲಿ ಕಚ್ಚಿ ಹಿಡಿದು, ಕಾಲ್ಬೆರಳಿನಿಂದ ಚೆಂಡು ಎಸೆದು ಸರ್ವ್ ಮಾಡ್ತಾರೆ. ರಿಯೋ, ಟೋಕಿಯೋ ಎರಡರಲ್ಲೂ ಆಡಿದ್ದಾರೆ. ವಿಡಿಯೋ ನೋಡಿ ಮೈ ಜುಂ ಅನ್ನದೇ ಇರಲ್ಲ, ನನಗೂ ಅಂತು. ಆದರೆ ಆ ತುಣುಕಿನಲ್ಲಿ ಇರೋದು ಸರ್ವ್ ಮಾತ್ರ, ಆಮೇಲೆ ಒಂದೆರಡು ಹೊಡೆತ, ಹಿಂದೆ ಒಂದು ಅಳು ತರಿಸೋ ಸಂಗೀತ. ಟೋಕಿಯೋದಲ್ಲಿ ಅವರು ಗುಂಪಿನ ಹಂತದಲ್ಲೇ ಹೊರಬಿದ್ರು ಅನ್ನೋದು ಆ ವಿಡಿಯೋ ಕಳಿಸಿದವರಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಾಗಬೇಕಾಗೂ ಇಲ್ಲ ಅವರಿಗೆ. ಅವರ ಪಾಲಿಗೆ ಅದು ಪಂದ್ಯವೇ ಅಲ್ಲ, ಬೆಳಗಿನ ಸುವಿಚಾರ. ಕುತ್ತಿಗೆಯ ತಿರುವಿನಿಂದಲೇ ಚೆಂಡಿನ ದಿಕ್ಕು ಬದಲಿಸೋದು ಎಂಥಾ ತಂತ್ರ, ಎದುರಾಳಿ ಅದನ್ನ ಹೇಗೆ ಓದ್ತಾನೆ, ಅದನ್ನ ತೋರಿಸಿದ್ರೆ ಹಮಟೊಗೆ ನಿಜವಾದ ಮರ್ಯಾದೆ.

ಮತ್ತೊಂದು, ನಮ್ಮವರು ತೀರಾ ಹಾರಿಸಿಬಿಡೋ ವಿಷಯ ಅಂದ್ರೆ ವರ್ಗೀಕರಣ. ಟೇಬಲ್ ಟೆನಿಸ್‌ನಲ್ಲಿ ಹನ್ನೊಂದು ವರ್ಗ. ಒಂದರಿಂದ ಐದು ಗಾಲಿಕುರ್ಚಿಯವರದ್ದು, ಆರರಿಂದ ಹತ್ತು ನಿಂತು ಆಡುವವರದ್ದು, ಹನ್ನೊಂದು ಬೌದ್ಧಿಕ ನ್ಯೂನತೆ ಇರುವವರದ್ದು. ಸಂಖ್ಯೆ ಚಿಕ್ಕದಾದಷ್ಟೂ ದೇಹದ ತೊಡಕು ಹೆಚ್ಚು. ಒಂದು, ಎರಡನೇ ವರ್ಗದವರಿಗೆ ಬ್ಯಾಟು ಹಿಡಿಯೋ ಕೈಯಲ್ಲೇ ತೊಂದರೆ ಇರುತ್ತೆ, ಎಷ್ಟೋ ಜನ ಬ್ಯಾಟನ್ನ ಕೈಗೆ ಪಟ್ಟಿ ಸುತ್ತಿ ಕಟ್ಕೊಂಡು ಆಡ್ತಾರೆ. ಮೂರನೇ ವರ್ಗದವರಿಗೆ ಕೈ ಚೆನ್ನಾಗಿದ್ರೂ ಸೊಂಟದ ಮೇಲಿನ ಹತೋಟಿ ಇರಲ್ಲ, ನಾಲ್ಕನೆಯವರಿಗೆ ಕೂತ ಸಮತೋಲ ಇರುತ್ತೆ, ಐದನೆಯವರು ಮುಂಡವನ್ನ ಚೆನ್ನಾಗಿ ತಿರುಗಿಸಬಲ್ಲರು. ಭಾವಿನಾ ನಾಲ್ಕನೇ ವರ್ಗ. ಒಂದೊಂದು ವರ್ಗದ ಆಟವೂ ಬೇರೆ, ಅದರ ಸೊಗಸೂ ಬೇರೆ. ಇದು ಗೊತ್ತಿಲ್ಲದೆ ಪ್ಯಾರಾ ಆಟ ನೋಡೋದು ತೂಕದ ವಿಭಾಗ ಗೊತ್ತಿಲ್ಲದೆ ಕುಸ್ತಿ ನೋಡಿದ ಹಾಗೆ.

ಗೊತ್ತಿಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಅದೇ ಆಗಸ್ಟ್ 29 ಸಾಕ್ಷಿ. ಅವತ್ತು ಸಂಜೆ ವಿನೋದ್ ಕುಮಾರ್ ಡಿಸ್ಕಸ್ ಎಫ್52ರಲ್ಲಿ ಕಂಚು ಗೆದ್ರು, ಅವರ ವರ್ಗದ ಬಗ್ಗೆ ಬೇರೆ ತಂಡಗಳು ಆಕ್ಷೇಪ ಎತ್ತಿದ್ವು, ಮಾರನೇ ದಿನ ಆ ವಿಭಾಗಕ್ಕೆ ಅವರು ಅರ್ಹರಲ್ಲ ಅಂತ ತೀರ್ಮಾನ ಆಗಿ ಪದಕ ಹೋಯ್ತು. ನಮ್ಮಲ್ಲಿ ಅದು ಬಂದಿದ್ದು ‘ಕಿತ್ತುಕೊಂಡರು’ ಅನ್ನೋ ಕ್ರಿಯಾಪದದಲ್ಲಿ. ಯಾರೋ ಪಿತೂರಿ ಮಾಡಿ ಬಡಪಾಯಿಯ ಪದಕ ಕಸಿದ ಹಾಗೆ. ವರ್ಗೀಕರಣ ಅಂದ್ರೇನು, ತಜ್ಞರು ಸ್ನಾಯು, ಕೀಲು ಪರೀಕ್ಷೆ ಮಾಡಿ ಮೈದಾನದಲ್ಲಿ ಆಡುವುದನ್ನೂ ಗಮನಿಸ್ತಾರೆ, ತಪ್ಪು ವರ್ಗದಲ್ಲಿ ಒಬ್ಬರು ಆಡಿದ್ರೆ ಇನ್ನೊಬ್ಬರಿಗೆ ಅನ್ಯಾಯ ಆಗುತ್ತೆ ಅಂತ ಮುಂಚೆಯೇ ಹೇಳಿದ್ರೆ ಓದುಗ ಆ ಸುದ್ದಿಯನ್ನ ತಾನೇ ತೂಗಿ ನೋಡ್ತಿದ್ದ. ವಿನೋದ್ ಕುಮಾರ್ ಅವರ ನೋವು ನಿಜ, ಆದರೆ ನಾಲ್ಕನೇ ಸ್ಥಾನದಲ್ಲಿದ್ದವರೂ ಮನುಷ್ಯರೇ ಅಲ್ವಾ?

ಇದೇ ಅಜ್ಞಾನದಿಂದ ನಾವು ಒಳ್ಳೆಯದನ್ನೂ ಕಳ್ಕೊಳ್ತೀವಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟ. ಅಲ್ಲಿ ಮೂರರಿಂದ ಐದರ ತನಕ ಮೂರೂ ವರ್ಗ ಸೇರಿಸಿ ಒಂದೇ ಸ್ಪರ್ಧೆ. ಭಾವಿನಾ ಚಿನ್ನ ಗೆದ್ರು, ನೈಜೀರಿಯಾದ ಇಫೆಚುಕ್ವುಡೆ ಇಕ್ಪಿಯೋಯಿ ಮೇಲೆ 12-10, 11-2, 11-9. ಎಲ್ಲಾ ಕಡೆ ಬಂತು. ಕಂಚು ಗೆದ್ದ ಸೋನಲ್ ಬೆನ್ ಪಟೇಲ್‌ಗೆ ಕೊನೆಯಲ್ಲಿ ಒಂದು ಸಾಲು. ಸೋನಲ್ ಮೂರನೇ ವರ್ಗದ ಆಟಗಾರ್ತಿ. ಮುಂಡದ ಹತೋಟಿ ತಮಗಿಂತ ಹೆಚ್ಚಿರುವವರ ಜೊತೆ ಒಂದೇ ಕಣದಲ್ಲಿ ಆಡಿ, ಇಂಗ್ಲೆಂಡಿನ ಸೂ ಬೈಲಿಯನ್ನ ಅವರದೇ ದೇಶದಲ್ಲಿ 11-5, 11-2, 11-3ರಿಂದ ಸೋಲಿಸಿ ತಂದ ಕಂಚು ಅದು. ಆ ಕೂಟದ ಪ್ಯಾರಾ ಟೇಬಲ್ ಟೆನಿಸ್‌ನಲ್ಲಿ ನಮ್ಮವರ ಅತ್ಯುತ್ತಮ ಸಾಧನೆ ಚಿನ್ನವಲ್ಲ, ಆ ಕಂಚು ಅಂತ ಯಾರಾದ್ರೂ ವಾದ ಮಾಡಿದ್ರೆ ನಾನು ಆ ಕಡೆ ನಿಲ್ತೀನಿ. ಆದರೆ ವಾದ ಮಾಡೋಕೆ ಮೂರು ಅಂದ್ರೇನು ಐದು ಅಂದ್ರೇನು ಗೊತ್ತಿರಬೇಕಲ್ಲ.

ಕನ್ನಡದವರು ನಾವೇನೂ ಕಮ್ಮಿ ಇಲ್ಲ. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅದೇ ಟೋಕಿಯೋದಲ್ಲಿ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದಾಗ ನಮ್ಮಲ್ಲಿ ಬಂದ ಸುದ್ದಿಯಲ್ಲಿ ಐಎಎಸ್ ಅನ್ನೋ ಪದ ಎಷ್ಟು ಸಲ ಇತ್ತು, ಲೂಕಾಸ್ ಮಝೂರ್ ಅನ್ನೋ ಹೆಸರು ಎಷ್ಟು ಸಲ ಇತ್ತು ಎಣಿಸಿ ನೋಡಿ. ಮೊದಲ ಗೇಮ್ 21-15ರಿಂದ ಗೆದ್ದು, ಮುಂದಿನೆರಡನ್ನ 17-21, 15-21ರಿಂದ ಬಿಟ್ಟುಕೊಟ್ಟ ಫೈನಲ್ ಅದು. ಎಲ್ಲಿ ಕೈ ತಪ್ಪಿತು ಅಂತ ಕೇಳೋಕೆ ನಮಗೆ ಸಂಕೋಚ. ಜಿಲ್ಲಾಧಿಕಾರಿ ಅನ್ನೋ ಹೆಮ್ಮೆ ಒಂದು ಕಡೆ, ಪಾಪ ಅನ್ನೋ ಭಾವ ಇನ್ನೊಂದು ಕಡೆ. ನಡುವೆ ಷಟಲ್ ಕಾಣಲೇ ಇಲ್ಲ.

ಪದಗಳ ಬಗ್ಗೆ ಜಗಳ ಮಾಡೋರು ಮಾಡ್ಲಿ. ಅಂಗವಿಕಲ ಅನ್ನಬೇಡಿ ವಿಕಲಚೇತನ ಅನ್ನಿ, ಅದೂ ಬೇಡ ವಿಶೇಷಚೇತನ ಅನ್ನಿ, ಈಗ ದಿವ್ಯಾಂಗ. ಪದ ದಿವ್ಯ ಆದಷ್ಟೂ ಮನುಷ್ಯ ದೂರ ಆಗ್ತಾನೆ ಅನ್ನೋದು ನನ್ನ ಅನುಮಾನ. ಟೇಬಲ್ ಮುಂದೆ ಕೂತಾಗ ಅದಕ್ಕೊಂದು ಸರಳ ಪದ ಈಗಾಗಲೇ ಇದೆ, ಆಟಗಾರ್ತಿ ಅಂತ. ಸೋತಾಗ ಯಾಕೆ ಸೋತೆ ಅಂತ ಕೇಳಿಸಿಕೊಳ್ಳೋ ಹಕ್ಕು ಆ ಪದದ ಜೊತೆ ಬರುತ್ತೆ. ಪೋಲೆಂಡಿನ ನತಾಲಿಯಾ ಪಾರ್ಟಿಕಾ ಬಲಗೈಯ ಮುಂಗೈ ಇಲ್ಲದೆ ಹುಟ್ಟಿದವರು, ಪ್ಯಾರಾಲಿಂಪಿಕ್ಸ್‌ನಲ್ಲೂ ಒಲಿಂಪಿಕ್ಸ್‌ನಲ್ಲೂ ಆಡಿದವರು. ಒಂದೇ ವರ್ಷ ಎರಡೂ ಕಡೆ. ಒಲಿಂಪಿಕ್ಸ್‌ನಲ್ಲಿ ಅವರು ಸೋತಾಗ ಎದುರಾಳಿ ಯಾರು, ಸ್ಕೋರೆಷ್ಟು ಅಂತ ಕೇಳ್ತೀವಿ. ತಿಂಗಳು ಕಳೆದು ಪ್ಯಾರಾಲಿಂಪಿಕ್ಸ್‌ಗೆ ಬಂದ್ರೆ ಅದೇ ಮನುಷ್ಯಳನ್ನ ಸ್ಫೂರ್ತಿ ಅಂತ ಕರೀತೀವಿ. ಕೈ ಅದೇ, ಬ್ಯಾಟು ಅದೇ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಸಿದ ವಿಷಯ. 2024, ಪ್ಯಾರಿಸ್. ಭಾರತಕ್ಕೆ ಒಟ್ಟು 29 ಪದಕ ಬಂತು, ಟೋಕಿಯೋದ 19ಕ್ಕಿಂತ ಹತ್ತು ಹೆಚ್ಚು. ಭಾವಿನಾಗೆ ಯಾವುದೂ ಬರಲಿಲ್ಲ. ಸಿಂಗಲ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಸೋಲು, ಎದುರಿಗೆ ಮತ್ತೆ ಅದೇ ಝೌ ಯಿಂಗ್. ‘ಭಾವಿನಾಗೆ ನಿರಾಸೆ’ ಅಂತ ಎರಡು ಸಾಲು. ಆ ಕೂಟದಲ್ಲಿ ಪದಕಗಳ ಸುಗ್ಗಿ, ಪದಕ ಇಲ್ಲದವರಿಗೆ ಪುಟದಲ್ಲಿ ಜಾಗ ಎಲ್ಲಿ?

ಅಂಕಿ ನೋಡೋಣ. ಟೋಕಿಯೋ ಗುಂಪಿನ ಪಂದ್ಯದಲ್ಲಿ ಝೌ ಎದುರು ಮೂರು ಗೇಮಿನಲ್ಲಿ ಭಾವಿನಾ ತಗೊಂಡಿದ್ದು ಒಟ್ಟು 14 ಪಾಯಿಂಟ್. ನಾಲ್ಕು ದಿನ ಬಿಟ್ಟು ಫೈನಲ್‌ನಲ್ಲಿ 18. ಅದಕ್ಕೆ ಬೆಳ್ಳಿ, ಸನ್ಮಾನ, ಕೋಟಿ. ಪ್ಯಾರಿಸ್‌ನಲ್ಲಿ 12-14, 9-11, 11-8, 6-11. ಕೂಡಿಸಿ: 38. ಗೇಮಿಗೆ ಸರಾಸರಿ ಆರರಿಂದ ಒಂಬತ್ತೂವರೆಗೆ ಏರಿದೆ. ಮೊದಲ ಗೇಮು ಡ್ಯೂಸ್‌ಗೆ ಹೋಗಿ ಎರಡು ಪಾಯಿಂಟ್‌ನಲ್ಲಿ ಹೋಯ್ತು, ಎರಡನೆಯದೂ ಎರಡೇ ಪಾಯಿಂಟ್‌ನಲ್ಲಿ. ಇಡೀ ಪಂದ್ಯದಲ್ಲಿ ಝೌ ಗಳಿಸಿದ್ದು 44, ಇವರು 38. ಮೂವತ್ತೇಳು ದಾಟಿದ ವಯಸ್ಸಿನಲ್ಲಿ, ಮೂರು ವರ್ಷದ ಹಿಂದೆ ತನ್ನನ್ನ ಹತ್ತೊಂಬತ್ತು ನಿಮಿಷದಲ್ಲಿ ಮನೆಗೆ ಕಳಿಸಿದವರ ಜೊತೆ ಈ ಮಟ್ಟಕ್ಕೆ ಆಡಿದ್ದಾರೆ. ಡ್ರಾ ಬೇರೆ ಥರ ಬಿದ್ದಿದ್ರೆ, ಈ ಪಂದ್ಯ ಇನ್ನೆರಡು ಸುತ್ತು ಮುಂದೆ ಬಂದಿದ್ರೆ, ಇಷ್ಟೇ ಆಡಿ ಇಷ್ಟೇ ಸೋತಿದ್ರೂ ಮತ್ತೆ ಬೆಳ್ಳಿ. ಪದಕದ ಪಟ್ಟಿ ಮಾತ್ರ ಓದುವವರಿಗೆ ಭಾವಿನಾ ಇಳಿದಿದ್ದಾರೆ. ಸ್ಕೋರು ಓದಿದವರಿಗೆ ಏರಿದ್ದಾರೆ.

ಟೋಕಿಯೋದ ಎರಡು ಪಂದ್ಯದಲ್ಲಿ ಆರು ಗೇಮು, ಪ್ಯಾರಿಸ್‌ನಲ್ಲಿ ಮೊದಲೆರಡು. ಎಂಟು ಗೇಮು ಸತತವಾಗಿ ಸೋತ ಮೇಲೆ, ಪ್ಯಾರಾಲಿಂಪಿಕ್ಸ್‌ನಲ್ಲಿ ಝೌ ಯಿಂಗ್ ಎದುರು ಆಡಿದ ಒಂಬತ್ತನೇ ಗೇಮನ್ನ ಭಾವಿನಾ ಬೆನ್ ಗೆದ್ದರು, 11-8. ಆ ದಿನದ ಶೀರ್ಷಿಕೆ ಇದಾಗಬೇಕಿತ್ತು.